ಕವನ ಸಂಕಲನದ ಹಸ್ತಪ್ರತಿ ಸ್ಪರ್ಧೆಗೆ ಕಳಿಸುವವರಿಗೆ: ಪ್ರಕಟಣೆ ಓದುವುದರಿಂದ ಕರಾರಿನವರೆಗೆ

"ನನ್ನ ಹತ್ರ ನೂರಕ್ಕೂ ಜಾಸ್ತಿ ಕವನ ಇವೆ ಸಾರ್. ಪುಸ್ತಕ ಮಾಡಿಸೋ ಸ್ಪರ್ಧೆ ಇರುತ್ತಂತಲ್ಲ, ಅದಕ್ಕೆ ಹೇಗೆ ಕಳಿಸೋದು?" ತುಮಕೂರಿನಲ್ಲಿ ಯಾವುದೇ ಕವಿಗೋಷ್ಠಿ ಮುಗಿಯಲಿ, ಟೀ ಕುಡಿಯುವ ಹೊತ್ತಿಗೆ ಒಬ್ಬರಾದರೂ ಇದನ್ನು ಕೇಳುತ್ತಾರೆ. ಪಾವಗಡ, ಶಿರಾ, ಚಿಂತಾಮಣಿ, ಮುಳಬಾಗಿಲಿನಿಂದ ಫೋನ್ ಮಾಡಿ ಕೇಳುವವರೂ ಇದ್ದಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತಿದ್ದೇನೆ.

ಮೊದಲೇ ಒಂದು ಮಾತು. ಒಳ್ಳೆಯ ಕವನ ಬರೆದವರೂ ಸ್ಪರ್ಧೆಯಲ್ಲಿ ಹಿಂದೆ ಬೀಳುವುದು ಬಹಳ ಸಲ ಎರಡೇ ಕಾರಣಕ್ಕೆ. ಪ್ರಕಟಣೆಯನ್ನು ಪೂರ್ತಿ ಓದಿರುವುದಿಲ್ಲ. ಬರೆದದ್ದನ್ನೆಲ್ಲ ತುಂಬಿ ಕಳಿಸಿರುತ್ತಾರೆ. ಉಳಿದದ್ದೆಲ್ಲ ಆಮೇಲಿನ ಮಾತು.

1. ಯಾವ ಸ್ಪರ್ಧೆ ಅಂತ ಮೊದಲು ಗೊತ್ತುಮಾಡಿಕೊಳ್ಳಿ

ಮೂರು ಬೇರೆ ಬೇರೆ ಸಂಗತಿಗಳನ್ನು ನಮ್ಮವರು ಒಂದೇ ಅಂದುಕೊಳ್ಳುತ್ತಾರೆ.

ಮೊದಲನೆಯದು ಹಸ್ತಪ್ರತಿ ಸ್ಪರ್ಧೆ. ಇನ್ನೂ ಪುಸ್ತಕವಾಗದ ಸಂಕಲನಕ್ಕೆ ಕೊಡುವ ಬಹುಮಾನ ಇದು. ಹಸ್ತಪ್ರತಿ ಅಂದರೂ ಈಗ ಕೇಳುವುದು ಟೈಪ್ ಮಾಡಿದ ಪ್ರತಿಯನ್ನೇ. ಕಾಂತಾವರ ಕನ್ನಡ ಸಂಘದ ಮುದ್ದಣ ಕಾವ್ಯ ಪ್ರಶಸ್ತಿ, ಗದಗದ ಲಡಾಯಿ ಪ್ರಕಾಶನದ ಜೊತೆ ಬೆಸೆದುಕೊಂಡಿರುವ ವಿಭಾ ಸಾಹಿತ್ಯ ಪ್ರಶಸ್ತಿ, ಬೆಂಗಳೂರಿನ 'ಈ ಹೊತ್ತಿಗೆ' ಬಳಗದ ಕಾವ್ಯ ಪ್ರಶಸ್ತಿ ಈ ಜಾತಿಯವು. ಛಂದ ಪುಸ್ತಕದ ಹಸ್ತಪ್ರತಿ ಸ್ಪರ್ಧೆಯ ಹೆಸರು ಎಲ್ಲರಿಗೂ ಗೊತ್ತು. ಆದರೆ ಅದು ಕಥಾಸಂಕಲನಕ್ಕೆ. ಅಲ್ಲಿಗೆ ಕವನ ಕಳಿಸಬೇಡಿ.

ಎರಡನೆಯದು ಸರ್ಕಾರದ ಪ್ರೋತ್ಸಾಹಧನ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ, ಅಂದರೆ ಮೊದಲ ಪುಸ್ತಕಕ್ಕೆ, ಹಸ್ತಪ್ರತಿ ಕರೆಯುತ್ತದೆ. ಇಲ್ಲಿ ಸಿಗುವುದು ಪ್ರಕಟಣೆಗೆ ಹಣದ ನೆರವು. ವಯಸ್ಸಿನ ಮಿತಿ ಇರುತ್ತದೆ. ಆ ಮಿತಿಯನ್ನೂ ಮೊತ್ತವನ್ನೂ ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಿ. ಹೋದ ವರ್ಷ ಗೆಳೆಯರು ಹೇಳಿದ್ದನ್ನು ನಂಬಿ ಕೂರಬೇಡಿ.

ಮೂರನೆಯದು ಆಗಲೇ ಅಚ್ಚಾದ ಪುಸ್ತಕಕ್ಕೆ ಕೊಡುವ ಬಹುಮಾನ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಪುಸ್ತಕ ಬಹುಮಾನ, ಲೇಖಕರ ಮೊದಲ ಕೃತಿಗೆ ಕೊಡುವ ಮಧುರಚೆನ್ನ ದತ್ತಿನಿಧಿ ಬಹುಮಾನ ಇಂಥವು. ಹಸ್ತಪ್ರತಿ ಹಿಡಿದು ಇಲ್ಲಿಗೆ ಹೋದರೆ ಪ್ರಯೋಜನವಿಲ್ಲ.

ಇವಲ್ಲದೆ ವಾಟ್ಸಾಪ್ ಗುಂಪುಗಳಲ್ಲಿ ಇನ್ನೊಂದು ಬಗೆ ಓಡಾಡುತ್ತಿದೆ. "ನಿಮ್ಮ ಸಂಕಲನ ಆಯ್ಕೆಯಾಗಿದೆ, ಅಭಿನಂದನೆಗಳು. ಮುದ್ರಣ ವೆಚ್ಚದಲ್ಲಿ ನಿಮ್ಮ ಪಾಲು ಕಟ್ಟಿ" ಅಂತ ಬರುತ್ತದೆ. ಇಲ್ಲವೇ "ನೂರು ಪ್ರತಿ ನೀವೇ ಕೊಳ್ಳಬೇಕು" ಅನ್ನುತ್ತಾರೆ. ಅದು ಸ್ಪರ್ಧೆ ಅಲ್ಲ, ವ್ಯಾಪಾರ. ಸ್ವಂತ ದುಡ್ಡಲ್ಲಿ ಪುಸ್ತಕ ಮಾಡಿಸುವುದು ತಪ್ಪೇನಲ್ಲ. ಆದರೆ ಅದನ್ನು ಪ್ರಶಸ್ತಿ ಅಂತ ಹೆಸರು ಹಾಕಿ ಮಾರಿದರೆ ಒಪ್ಪಬೇಡಿ. ಒಂದು ಸ್ಪರ್ಧೆ ನಂಬಬಹುದಾದದ್ದೋ ಅಲ್ಲವೋ ಅಂತ ತಿಳಿಯಲು ಸುಲಭ ದಾರಿ ಇದೆ. ಹಿಂದಿನ ವರ್ಷ ಗೆದ್ದ ಪುಸ್ತಕ ಅಂಗಡಿಯಲ್ಲೋ ಗ್ರಂಥಾಲಯದಲ್ಲೋ ಕೈಗೆ ಸಿಗುತ್ತದಾ ನೋಡಿ. ಸಿಕ್ಕರೆ ಓದಿ. ತೀರ್ಪುಗಾರರ ಮಾತು ಅದರಲ್ಲಿ ಅಚ್ಚಾಗಿದ್ದರೆ ಅದನ್ನೂ ಓದಿ.

2. ಪ್ರಕಟಣೆಯನ್ನು ಪೆನ್ನು ಹಿಡಿದು ಓದಿ

ಫೋನಿನಲ್ಲಿ ಬಂದ ಚಿತ್ರವನ್ನು ಮೇಲೆ ಮೇಲೆ ನೋಡಿದರೆ ಸಾಲದು. ಒಂದು ಪ್ರಿಂಟ್ ತೆಗೆಸಿಕೊಂಡು ಗೆರೆ ಎಳೆಯುತ್ತಾ ಹೋಗಿ. ಮುಖ್ಯವಾಗಿ ಮೂರು ಕಡೆ ಎಡವುತ್ತಾರೆ.

ಕೊನೆಯ ದಿನಾಂಕ: "ತಲುಪಬೇಕು" ಅಂತಿದೆಯೋ "ಕಳಿಸಬೇಕು" ಅಂತಿದೆಯೋ ನೋಡಿ. ತಲುಪಬೇಕು ಅಂತಿದ್ದರೆ ಆ ದಿನ ಅಂಚೆ ಕಚೇರಿಗೆ ಹೋಗಿ ಉಪಯೋಗವಿಲ್ಲ.

ಅಪ್ರಕಟಿತ: ಸಾಮಾನ್ಯವಾಗಿ ಇದರ ಅರ್ಥ ಸಂಕಲನ ಪುಸ್ತಕವಾಗಿ ಬಂದಿರಬಾರದು ಅಂತ. ಬಿಡಿ ಕವನಗಳು ಪತ್ರಿಕೆಯಲ್ಲಿ, ವಿಶೇಷಾಂಕದಲ್ಲಿ ಬಂದಿದ್ದರೆ ಹೆಚ್ಚಿನವರು ಬೇಡ ಅನ್ನುವುದಿಲ್ಲ. ಆದರೆ ಕೆಲವರು ಬಿಡಿ ಕವನವೂ ಎಲ್ಲೂ ಬಂದಿರಬಾರದು ಅನ್ನುತ್ತಾರೆ. ಫೇಸ್‌ಬುಕ್ಕಿನಲ್ಲಿ ಹಾಕಿದ್ದು ಪ್ರಕಟಣೆಯ ಲೆಕ್ಕಕ್ಕೆ ಬರುತ್ತದಾ ಅನ್ನುವುದು ಸ್ಪಷ್ಟವಿಲ್ಲದಿದ್ದರೆ ಸಂಘಟಕರಿಗೇ ಫೋನ್ ಮಾಡಿ ಕೇಳಿ. ಇ-ಪುಸ್ತಕ ಮಾಡಿ ಮಾರಾಟಕ್ಕೆ ಇಟ್ಟಿದ್ದರೆ ಅದು ಪ್ರಕಟವಾದ ಹಾಗೇ, ವಾದ ಮಾಡಬೇಡಿ.

ಮೊದಲ ಸಂಕಲನ: ಐದು ಜನ ಗೆಳೆಯರು ಸೇರಿ ತಂದ ಪುಸ್ತಕದಲ್ಲಿ ನಿಮ್ಮ ಹತ್ತು ಕವನ ಇದ್ದರೆ ಅದು ನಿಮ್ಮ ಮೊದಲ ಸಂಕಲನವಾ? ಇದನ್ನೂ ಕೇಳಿ ತಿಳಿದುಕೊಳ್ಳಿ. ಆ ಹತ್ತನ್ನು ಹೊಸ ಹಸ್ತಪ್ರತಿಗೆ ಸೇರಿಸಬೇಡಿ, ಅಷ್ಟೇ.

ಕವನಗಳ ಸಂಖ್ಯೆ, ಪುಟಗಳ ಮಿತಿ, ಎಷ್ಟು ಪ್ರತಿ, ಅಂಚೆಯೋ ಇಮೇಲೋ, ಹಸ್ತಪ್ರತಿ ವಾಪಸ್ ಕೊಡುತ್ತಾರೋ ಇಲ್ಲವೋ, ಇವನ್ನೂ ಗುರುತು ಹಾಕಿಕೊಳ್ಳಿ. ವಾಪಸ್ ಕೊಡುವುದಿಲ್ಲ ಅನ್ನುವವರೇ ಜಾಸ್ತಿ. ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ.

3. ಕವನ ಆರಿಸುವುದು

ನಿಜವಾದ ಕೆಲಸ ಇಲ್ಲಿದೆ. ಇದಕ್ಕೆ ತಿಂಗಳಾದರೂ ಹಿಡಿಯಲಿ.

ಎಲ್ಲ ಕವನಗಳನ್ನೂ ಒಂದೊಂದು ಹಾಳೆಯಲ್ಲಿ ಪ್ರಿಂಟ್ ತೆಗೆಸಿ. ಫೋನಿನಲ್ಲೇ ನೋಡಿ ಆರಿಸುತ್ತೇನೆ ಅನ್ನಬೇಡಿ. ಹಾಳೆಗಳನ್ನು ನೆಲದ ಮೇಲೆ ಹರಡಿಕೊಂಡಾಗಲೇ ಯಾವುದು ಯಾವುದರ ಪುನರಾವರ್ತನೆ ಅಂತ ಕಣ್ಣಿಗೆ ಕಾಣುವುದು.

ಮೊದಲು ತೆಗೆಯಬೇಕಾದದ್ದು ಸಂದರ್ಭಕ್ಕೆ ಬರೆದ ಕವನಗಳನ್ನು. ರಾಜ್ಯೋತ್ಸವಕ್ಕೆ ಬರೆದದ್ದು, ಶಿಕ್ಷಕರ ದಿನಾಚರಣೆಗೆ ಬರೆದದ್ದು, ಮಠಾಧೀಶರ ಜಯಂತಿಗೆ ಬರೆದದ್ದು, ಗೆಳೆಯನ ನಿವೃತ್ತಿಗೆ ಬರೆದದ್ದು. ಇದಕ್ಕೆ ತುಂಬ ಜನ ಬೇಜಾರಾಗುತ್ತಾರೆ. ತಾಲ್ಲೂಕು ಸಮ್ಮೇಳನದಲ್ಲಿ ಚಪ್ಪಾಳೆ ಬಿದ್ದ ಕವನ ಅದು, ಹೇಗೆ ಬಿಡೋದು ಅನ್ನುತ್ತಾರೆ. ವೇದಿಕೆಯಲ್ಲಿ ನಿಮ್ಮ ದನಿ, ಕೈಸನ್ನೆ, ಎದುರಿಗೆ ಕೂತ ಪರಿಚಯದ ಮುಖ ಎಲ್ಲ ಸೇರಿ ಕವನವನ್ನು ಎತ್ತಿ ಹಿಡಿದಿರುತ್ತವೆ. ತೀರ್ಪುಗಾರರ ಮುಂದೆ ಇರುವುದು ಬರೀ ಹಾಳೆ.

ಆಮೇಲೆ ಒಂದೇ ವಿಷಯದ ಮೇಲಿನ ಕವನಗಳನ್ನು ಗುಂಪು ಮಾಡಿ. ನಮ್ಮ ಕಡೆಯ ಹಸ್ತಪ್ರತಿಗಳಲ್ಲಿ ಬತ್ತಿದ ಬೋರ್‌ವೆಲ್, ಬಾರದ ಮಳೆ, ಅವ್ವನ ಮುದ್ದೆ, ಬೆಂಗಳೂರಿಗೆ ಹೋದ ಮಗ ಇವು ಖಂಡಿತ ಇರುತ್ತವೆ. ಇರಬೇಕಾದದ್ದೇ, ಬದುಕು ಅದೇ ತಾನೆ. ಆದರೆ ಬೋರ್‌ವೆಲ್ ಮೇಲೆ ನಾಲ್ಕು ಕವನ ಇದ್ದರೆ ಮೂರು ಬಿಡಬೇಕು. ಯಾವುದನ್ನು ಉಳಿಸೋದು? "ಭೂತಾಯಿ ಬರಿದಾದಳು, ರೈತ ಕಣ್ಣೀರಾದ" ಅನ್ನುವ ಸಾಲನ್ನು ಯಾರು ಬೇಕಾದರೂ ಎಲ್ಲಿ ಬೇಕಾದರೂ ಬರೆಯಬಹುದು. ಡ್ರಿಲ್ಲಿಂಗ್ ಲಾರಿ ಹೋದ ಮೇಲೆ ಟೊಮ್ಯಾಟೊ ತೋಟದ ಮೇಲೆಲ್ಲ ಕೂತ ಬಿಳಿ ಪುಡಿಯನ್ನು ಕೋಲಾರದಲ್ಲಿ ನಿಂತು ನೋಡಿದವರೇ ಬರೆಯಬೇಕು. ಎರಡನೆಯದನ್ನು ಇಟ್ಟುಕೊಳ್ಳಿ. ಕೆಜಿಎಫ್‌ನವರು ಚಿನ್ನದ ಗಣಿ ಮುಚ್ಚಿದ 2001ರ ಬಗ್ಗೆ ಬರೆದಿದ್ದರೂ ಇದೇ ಮಾತು. "ಅಳುವ ಗಣಿ" ಎಷ್ಟೋ ಜನ ಬರೆದಿದ್ದಾರೆ. ಗಾಳಿಗೆ ಸೈನೈಡ್ ದಿಬ್ಬದ, ಅಂದರೆ ಚಿನ್ನ ತೆಗೆದ ಮೇಲೆ ಉಳಿದ ರಾಶಿಯ, ಮಣ್ಣು ಒಣಗಿಸಿದ ಬಟ್ಟೆಯ ಮೇಲೆ ಕೂರುವುದು ಅಲ್ಲಿನವರಿಗಷ್ಟೇ ಗೊತ್ತು.

ಮೂರನೆಯದು ಪ್ರಕಾರದ ಕಲಬೆರಕೆ. ಮೂವತ್ತು ಕವಿತೆ, ಎಂಟು ಗಜಲ್, ಹನ್ನೆರಡು ಹಾಯ್ಕು, ಕೊನೆಗೆ ಒಂದಿಷ್ಟು ಹನಿಗವನ. ಇದು ಸಂಕಲನ ಆಗುವುದಿಲ್ಲ. ಗಜಲ್ ಚೆನ್ನಾಗಿ ಬರುತ್ತಿದ್ದರೆ ಅದನ್ನೇ ಬೇರೆ ಪುಸ್ತಕ ಮಾಡಿ. ಕವಿತೆಗಳ ನಡುವೆ ಹನಿಗವನ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಒಪ್ಪದವರೂ ಇದ್ದಾರೆ.

ಸಂಖ್ಯೆ ತುಂಬಿಸಲು ಹೋಗಬೇಡಿ. ಕನಿಷ್ಠ 40 ಅಂತ ಕೇಳಿದ್ದರೆ 40ರಿಂದ 45 ಸಾಕು. ನಿಮ್ಮಲ್ಲಿ ಗಟ್ಟಿಯಾದವು 28 ಮಾತ್ರ ಇದ್ದರೆ ಈ ವರ್ಷ ಬಿಟ್ಟು ಮುಂದಿನ ವರ್ಷ ಕಳಿಸಿ. ಹನ್ನೆರಡು ಜೊಳ್ಳು ಕವನ ಸೇರಿದರೆ ಉಳಿದ 28ರ ತೂಕವೂ ಇಳಿಯುತ್ತದೆ.

4. ಜೋಡಿಸುವುದು, ಹೆಸರಿಡುವುದು

ಬರೆದ ದಿನಾಂಕದ ಪ್ರಕಾರ ಜೋಡಿಸಬೇಡಿ. ಹಳೆಯವು ಮುಂದೆ ಬರುತ್ತವೆ, ಸಾಮಾನ್ಯವಾಗಿ ಅವೇ ದುರ್ಬಲ. ಮೊದಲ ಐದು ಕವನ ನಿಮ್ಮ ಅತ್ಯುತ್ತಮವಾಗಿರಲಿ. ರಾಶಿ ಹಸ್ತಪ್ರತಿ ಓದುವವರು ಮೊದಲ ಕೆಲವು ಪುಟಗಳಲ್ಲೇ ಒಂದು ಅಂದಾಜಿಗೆ ಬಂದುಬಿಡುತ್ತಾರೆ. ಸರಸ್ವತಿ ಸ್ತುತಿಯಿಂದ, ಗಣಪತಿ ಸ್ತುತಿಯಿಂದ ಶುರು ಮಾಡುವ ರೂಢಿ ಇನ್ನೂ ಇದೆ. ಭಕ್ತಿ ನಿಮ್ಮದು, ಆದರೆ ಆ ಪುಟ ದಂಡವಾಗುತ್ತದೆ.

ಸಂಕಲನದ ಹೆಸರಿಗೆ 'ಭಾವ', 'ಮನದ', 'ಹೃದಯ', 'ಅಂತರಂಗ', 'ಕಾವ್ಯಧಾರೆ' ಇವನ್ನು ಬಿಡಿ. ಒಳಗಿನ ಯಾವುದಾದರೂ ಕವನದ ಒಂದು ಸಾಲಿನಲ್ಲಿ ಹುಡುಕಿ, ಅಲ್ಲೇ ಇರುತ್ತದೆ.

5. ಟೈಪಿಂಗ್ ಮತ್ತು ಕರಡು ತಿದ್ದುವುದು

ಇಲ್ಲಿ ಗೊಂದಲ ಜಾಸ್ತಿ, ಸ್ವಲ್ಪ ನಿಧಾನವಾಗಿ ನೋಡೋಣ.

ಕನ್ನಡ ಟೈಪಿಂಗ್‌ನಲ್ಲಿ ಎರಡು ಬಗೆ. ಒಂದು ಯೂನಿಕೋಡ್. ಪ್ರತಿ ಕನ್ನಡ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವುದರಿಂದ ಯಾವ ಫೋನಿನಲ್ಲಿ, ಯಾವ ಕಂಪ್ಯೂಟರಿನಲ್ಲಿ ತೆರೆದರೂ ಕನ್ನಡವೇ ಕಾಣುತ್ತದೆ. ನೀವು ಫೋನಿನಲ್ಲಿ ಬರೆಯುವುದೆಲ್ಲ ಇದೇ. ಇನ್ನೊಂದು ನುಡಿ, ಬರಹ, ಶ್ರೀಲಿಪಿಗಳ ಹಳೆಯ ಫಾಂಟು. ಇದರಲ್ಲಿ ಇಂಗ್ಲಿಷ್ ಅಕ್ಷರದ ಸಂಕೇತಕ್ಕೆ ಕನ್ನಡದ ಆಕಾರ ತೊಡಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಗೋಜಲು ಕಾಣುತ್ತದೆ. ನಮ್ಮ ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯದೇ ಜಾಸ್ತಿ ಓಡುತ್ತಿದೆ. ಅವರು ಪುಟ ಜೋಡಿಸಲು ಬಳಸುವ ಪೇಜ್‌ಮೇಕರ್ ತಂತ್ರಾಂಶ ಯೂನಿಕೋಡ್ ಕನ್ನಡವನ್ನು ತೆಗೆದುಕೊಳ್ಳುವುದಿಲ್ಲ, ಅದಕ್ಕೆ.

ಹಾಗಾಗಿ ಪ್ರಕಟಣೆಯಲ್ಲಿ ಯಾವುದು ಕೇಳಿದ್ದಾರೆ ನೋಡಿ. ಇಮೇಲ್‌ಗೆ ಕಳಿಸುವುದಾದರೆ ಯೂನಿಕೋಡ್ ಕಡತ, ಜೊತೆಗೆ ಪಿಡಿಎಫ್ ಇಟ್ಟುಕೊಳ್ಳಿ. ಪಿಡಿಎಫ್ ಆದರೆ ಅಕ್ಷರ, ಸಾಲು ಯಾವುದೂ ಕದಲುವುದಿಲ್ಲ.

ಅಪಾಯ ಇರುವುದು ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ, ದೀರ್ಘ ಬಿದ್ದುಹೋಗುತ್ತದೆ, ಒತ್ತಕ್ಷರ ಬಿಚ್ಚಿಕೊಳ್ಳುತ್ತದೆ. 'ಸೂರ್ಯ', 'ಅರ್ಧ', 'ಕಾರ್ತಿಕ' ಇಂಥ ಪದಗಳನ್ನು ಒಂದೊಂದಾಗಿ ಹುಡುಕಿ ನೋಡಿ. ಫೋನಿನಲ್ಲಿ ಬರೆದವರಿಗೆ ಬೇರೆ ತೊಂದರೆ. ಕೀಬೋರ್ಡ್ ತಾನೇ ಪದ ಊಹಿಸಿ ಹಾಕುತ್ತದೆ. 'ಹೊಲ' ಇರಬೇಕಾದ ಕಡೆ 'ಹೊಸ' ಕೂತಿರುತ್ತದೆ. ಎರಡೂ ಸರಿಯಾದ ಪದವೇ ಆದ್ದರಿಂದ ಕಣ್ಣು ತಪ್ಪಿಸಿಕೊಳ್ಳುತ್ತದೆ.

ವಾಟ್ಸಾಪಿಗೆ ಅಂತ ಬರೆದ ಕವನದಲ್ಲಿ ನೀವು ಸಾಲು ಒಡೆದಿರುವುದು ಬಹಳ ಸಲ ಫೋನಿನ ಅಗಲ ನೋಡಿ, ಲಯ ನೋಡಿ ಅಲ್ಲ. ಪ್ರತಿ ಸಾಲನ್ನೂ ಮತ್ತೆ ನೋಡಿ. ಸಾಲುಸಾಲು ಚುಕ್ಕಿ, ಮೂರು ಮೂರು ಆಶ್ಚರ್ಯಚಿಹ್ನೆ, ಹೂವಿನ ಚಿತ್ರ ಎಲ್ಲ ತೆಗೆಯಿರಿ.

ಕಾಗುಣಿತದಲ್ಲಿ ಹೆಚ್ಚು ಸಿಕ್ಕಿಬೀಳುವುದು ಇವು: 'ಶುಭಾಷಯ' ಅಲ್ಲ ಶುಭಾಶಯ, 'ವಿಧ್ಯೆ' ಅಲ್ಲ ವಿದ್ಯೆ, 'ಬಾಷೆ' ಅಲ್ಲ ಭಾಷೆ. ಇನ್ನು ಅಕಾರ ಹಕಾರ. ಮಾತಿನಲ್ಲಿ 'ಅಬ್ಬ', 'ಆಲು' ಅಂದರೂ ಬರೆಯುವಾಗ ಹಬ್ಬ, ಹಾಲು.

ಬೇಕೆಂದೇ ಆಡುಮಾತಿನಲ್ಲಿ ಬರೆದಿದ್ದರೆ? ಖಂಡಿತ ಬರೆಯಿರಿ. ನಮ್ಮ ಜಿಲ್ಲೆಗಳ ಮಾತು ಕಾವ್ಯಕ್ಕೆ ಬರುವುದು ಒಳ್ಳೆಯದೇ. ಆದರೆ ಒಂದೇ ಕವನದೊಳಗೆ ನಿಯಮ ಒಂದೇ ಇರಲಿ. ಹೀಗೆ ಬರೆದವರಿದ್ದಾರೆ ಅಂದುಕೊಳ್ಳಿ:

ಕೆರೆ ಏರಿ ಮ್ಯಾಲೆ ನಿಂತವ್ನೆ ಅಪ್ಪ
ಅವನ ಕಣ್ಣುಗಳಲ್ಲಿ ನೀರಿದೆ

ಮೊದಲ ಸಾಲು ಊರಿನದು, ಎರಡನೆಯದು ಪಠ್ಯಪುಸ್ತಕದ್ದು. ಓದುವವರಿಗೆ ಇದು ಪ್ರಯೋಗ ಅನ್ನಿಸುವುದಿಲ್ಲ, ಅಜಾಗ್ರತೆ ಅನ್ನಿಸುತ್ತದೆ. "ಅವನ್ ಕಣ್ಣಾಗೆ ನೀರೈತೆ" ಅಂತ ಬರೆಯಿರಿ, ಇಲ್ಲವೇ ಮೊದಲ ಸಾಲನ್ನೂ ಬದಲಿಸಿ. ಮುಳಬಾಗಿಲು, ಬಾಗೇಪಲ್ಲಿ ಕಡೆಯವರು ತೆಲುಗು ಪದ ಬಳಸಿದ್ದರೆ, ಧಾರವಾಡದ ಓದುಗರಿಗೆ ಅರ್ಥವಾಗದ್ದಕ್ಕೆ ಮಾತ್ರ ಪುಟದ ಕೆಳಗೆ ಒಂದು ಪದದ ಅರ್ಥ ಕೊಡಿ. ಎಲ್ಲದಕ್ಕೂ ಕೊಡಬೇಡಿ.

ಕೊನೆಯ ಕರಡನ್ನು ಇನ್ನೊಬ್ಬರ ಕೈಲಿ ಗಟ್ಟಿಯಾಗಿ ಓದಿಸಿ, ನೀವು ಮೂಲ ಹಿಡಿದು ಕೂರಿ. ಅವರು ತಡವರಿಸಿದ ಕಡೆ ಗುರುತು ಹಾಕಿ. ಡಿಟಿಪಿಯವರು ಒಂದು ತಪ್ಪು ತಿದ್ದುವಾಗ ಪಕ್ಕದಲ್ಲೇ ಇನ್ನೊಂದು ಹುಟ್ಟುವುದುಂಟು. ತಿದ್ದಿದ ಪದವನ್ನಷ್ಟೇ ಅಲ್ಲ, ಇಡೀ ಸಾಲನ್ನು ಓದಿ.

ಪ್ರತಿ ಕವನ ಹೊಸ ಪುಟದಲ್ಲಿ ಶುರುವಾಗಲಿ. ಎ4 ಹಾಳೆ, ಒಂದೇ ಬದಿ, ಪುಟಸಂಖ್ಯೆ, ಪರಿವಿಡಿ. ಬಾರ್ಡರು, ಹಿನ್ನೆಲೆ ಚಿತ್ರ, ಮುಖಪುಟದ ವಿನ್ಯಾಸ ಯಾವುದೂ ಬೇಡ.

6. ಹೆಸರು ಅಳಿಸುವುದು

ಬಹಳಷ್ಟು ಸ್ಪರ್ಧೆಗಳಲ್ಲಿ ಹಸ್ತಪ್ರತಿಯ ಮೇಲೆ ಕವಿಯ ಹೆಸರು ಇರಬಾರದು. ಪರಿಚಯ ಬೇರೆ ಹಾಳೆಯಲ್ಲಿರಬೇಕು. ಮೊದಲ ಪುಟದಲ್ಲಿ ಹೆಸರು ತೆಗೆದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ.

ಗಜಲ್‌ನ ಕೊನೆಯ ದ್ವಿಪದಿಯಲ್ಲಿ ನಿಮ್ಮ ಕಾವ್ಯನಾಮ ಕೂತಿರುತ್ತದೆ. ಆಧುನಿಕ ವಚನದ ಕೊನೆಯಲ್ಲಿ ಅಂಕಿತ ಇರುತ್ತದೆ. ಕವನದ ಕೆಳಗೆ ಊರು, ಇಸವಿ ಇರುತ್ತವೆ. ಅರ್ಪಣೆಯಲ್ಲಿ ಅಪ್ಪನ ಹೆಸರು, ಶಾಲೆಯ ಹೆಸರು ಇರುತ್ತವೆ. ಕಡತದ ಹೆಸರೇ ನಿಮ್ಮ ಹೆಸರಾಗಿರುತ್ತದೆ. ವರ್ಡ್ ಕಡತದ ಪ್ರಾಪರ್ಟೀಸ್ ತೆರೆದರೆ ಆಥರ್ ಅನ್ನುವ ಕಡೆ ನಿಮ್ಮದೋ ಡಿಟಿಪಿ ಅಂಗಡಿಯದೋ ಹೆಸರು ಕಾಣುತ್ತದೆ. ಎಲ್ಲ ತೆಗೆಯಿರಿ.

ಹಿರಿಯರಿಂದ ಬರೆಸಿಕೊಂಡ ಮುನ್ನುಡಿ, ಬೆನ್ನುಡಿಯನ್ನು ಸೇರಿಸಬೇಡಿ. ಪ್ರಭಾವ ಬೀರುವ ಪ್ರಯತ್ನ ಅಂತಲೇ ತಿಳಿಯುತ್ತಾರೆ. ಗೆದ್ದ ಮೇಲೆ ಬರೆಸಿದರಾಯಿತು. ತೀರ್ಪುಗಾರರು ಯಾರು ಅಂತ ವಿಚಾರಿಸಿ ಫೋನ್ ಮಾಡುವ ಚಾಳಿಯಂತೂ ಬೇಡವೇ ಬೇಡ.

7. ಕಾಗದ ಪತ್ರ, ಅಂಚೆ

ಬೇಕಾಗುವುದು: ಮನವಿ ಪತ್ರ, ನಾಲ್ಕೈದು ಸಾಲಿನ ಪರಿಚಯ, ಫೋಟೊ ಕೇಳಿದ್ದರೆ ಫೋಟೊ, ವಯಸ್ಸಿನ ಮಿತಿ ಇದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ನಕಲು, ಮತ್ತು ಸ್ವಂತ ರಚನೆ ಎಂಬ ದೃಢೀಕರಣ. ದೃಢೀಕರಣಕ್ಕೆ ಇಷ್ಟು ಸಾಕು:

"'...' ಎಂಬ ಈ ಸಂಕಲನದ ಎಲ್ಲ ಕವನಗಳು ನನ್ನ ಸ್ವಂತ ರಚನೆಗಳು. ಇವು ಅನುವಾದವಾಗಲಿ ಅನುಕರಣೆಯಾಗಲಿ ಅಲ್ಲ. ಈ ಸಂಕಲನವು ಪುಸ್ತಕವಾಗಿ ಅಥವಾ ಇ-ಪುಸ್ತಕವಾಗಿ ಈವರೆಗೆ ಪ್ರಕಟವಾಗಿಲ್ಲ. ಬೇರೆ ಸ್ಪರ್ಧೆಯ ಪರಿಶೀಲನೆಯಲ್ಲೂ ಇಲ್ಲ."

ಕೆಳಗೆ ಸಹಿ, ದಿನಾಂಕ, ಸ್ಥಳ. ಕೊನೆಯ ವಾಕ್ಯ ನಿಜವಾಗಿದ್ದರೆ ಮಾತ್ರ ಬರೆಯಿರಿ.

ಅಂಚೆಗೆ ಹಾಕುವುದಾದರೆ ಸ್ಪೀಡ್ ಪೋಸ್ಟ್ ಮಾಡಿ. ಹಳೆಯ ಮಾದರಿಯ ಪ್ರಕಟಣೆಗಳಲ್ಲಿ "ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿ" ಅಂತ ಇನ್ನೂ ಇರುತ್ತದೆ. ಆ ಸೇವೆಯನ್ನು 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದ್ದಾರೆ, ಗಾಬರಿಯಾಗಬೇಡಿ. ವಿಳಾಸ ಪೋಸ್ಟ್ ಬಾಕ್ಸ್ ಸಂಖ್ಯೆಯಾಗಿದ್ದರೆ ಖಾಸಗಿ ಕೊರಿಯರ್‌ನಲ್ಲಿ ಕಳಿಸಬೇಡಿ. ಲಕೋಟೆಯ ಮೇಲೆ ಸ್ಪರ್ಧೆಯ ಹೆಸರು ಬರೆಯಿರಿ. ರಸೀದಿಯ ಫೋಟೊ ತೆಗೆದಿಟ್ಟುಕೊಳ್ಳಿ, ಆ ಶಾಯಿ ಬೇಗ ಮಾಸುತ್ತದೆ.

ಪುಸ್ತಕ ಪ್ರಾಧಿಕಾರ ಇರುವುದು ಬೆಂಗಳೂರಿನ ಜೆ.ಸಿ. ರಸ್ತೆಯ ಕನ್ನಡ ಭವನದಲ್ಲಿ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರು ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ ಬರಬಹುದಾದ ದೂರ. ಖುದ್ದಾಗಿ ಕೊಟ್ಟರೆ ಮನವಿ ಪತ್ರದ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ. ಎರಡನೇ ಮತ್ತು ನಾಲ್ಕನೇ ಶನಿವಾರ ಸರ್ಕಾರಿ ಕಚೇರಿಗೆ ರಜೆ, ನೆನಪಿರಲಿ.

8. ಕಳಿಸಿದ ಮೇಲೆ

ಫಲಿತಾಂಶಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ವಾರಕ್ಕೊಮ್ಮೆ ಫೋನ್ ಮಾಡಬೇಡಿ. ಅದೇ ಹಸ್ತಪ್ರತಿಯನ್ನು ಇನ್ನೊಂದು ಸ್ಪರ್ಧೆಗೂ ಕಳಿಸಬಹುದಾ ಅನ್ನುವುದು ನಿಯಮದಲ್ಲಿ ಇರುತ್ತದೆ. ಇಲ್ಲದಿದ್ದರೆ ಸುಮ್ನೆ ಎರಡು ಕಡೆ ಕಳಿಸಿ ಎರಡರಲ್ಲೂ ಗೆದ್ದು ಮುಜುಗರ ಪಡಬೇಡಿ. ನಡುವೆ ಯಾವುದಾದರೂ ಪ್ರಕಾಶಕರು ಒಪ್ಪಿಕೊಂಡರೆ, ಹಸ್ತಪ್ರತಿ ಹಿಂಪಡೆಯುತ್ತಿದ್ದೇನೆ ಅಂತ ಸಂಘಟಕರಿಗೆ ಅವತ್ತೇ ಬರೆದು ತಿಳಿಸಿ.

ಗೆದ್ದರೆ, ಖುಷಿಯಲ್ಲಿ ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಬೇಡಿ. ಕವನದ ಹಕ್ಕು ಬರೆದ ಕೂಡಲೇ ನಿಮ್ಮದಾಗಿರುತ್ತದೆ, ಎಲ್ಲೂ ನೋಂದಣಿ ಮಾಡಿಸಲೇಬೇಕು ಅಂತಿಲ್ಲ. ಅದನ್ನು ಬೇರೆಯವರಿಗೆ ಬಿಟ್ಟುಕೊಡುವುದು 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷ ಅಂತ ಕಾನೂನು ಲೆಕ್ಕ ಹಿಡಿಯುತ್ತದೆ. "ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರದು" ಅಂತ ಇದ್ದರೆ ಮೊದಲ ಮುದ್ರಣದ ಹಕ್ಕು ಮಾತ್ರ ಕೊಡುತ್ತೇನೆ ಅಂತ ಕೇಳಿ ನೋಡಿ. ಒಳ್ಳೆಯ ಪ್ರಕಾಶಕರು ಒಪ್ಪುತ್ತಾರೆ.

ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ನಮ್ಮ ದೇಶದಲ್ಲಿ ಉಚಿತವಾಗಿ ಸಿಗುತ್ತದೆ. ಅದಕ್ಕೆ ದುಡ್ಡು ಕೇಳಿದರೆ ಯಾಕೆ ಅಂತ ವಿಚಾರಿಸಿ. ಪುಟಗಳ ಬಗ್ಗೆಯೂ ಪ್ರಕಾಶಕರು ಮಾತಾಡುತ್ತಾರೆ. ಡೆಮಿ 1/8 ಅನ್ನುವ ಪುಸ್ತಕದ ಅಳತೆಯಲ್ಲಿ ಒಂದು ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಪುಟಗಳ ಕಂತೆ, 16 ಪುಟದ್ದು. ಐದು ಫಾರಂಗೆ 80 ಪುಟ. 83 ಪುಟ ಆಗಿದ್ದರೆ ಒಂದೆರಡು ಕವನ ಬಿಡಿ ಅನ್ನುವುದು ಅದಕ್ಕೇ, ಕವನ ಚೆನ್ನಾಗಿಲ್ಲ ಅಂತಲ್ಲ. ಯಾವುದನ್ನು ಬಿಡಬೇಕು ಅನ್ನುವುದನ್ನು ನೀವೇ ಹೇಳಿ, ಅವರಿಗೆ ಬಿಡಬೇಡಿ. ಗೌರವ ಪ್ರತಿ ಎಷ್ಟು, ಲೇಖಕರಿಗೆ ರಿಯಾಯಿತಿ ಎಷ್ಟು, ಅಚ್ಚಿಗೆ ಹೋಗುವ ಮುನ್ನ ಕೊನೆಯ ಕರಡು ನಿಮಗೆ ತೋರಿಸುತ್ತಾರಾ ಅನ್ನುವುದನ್ನು ಬಾಯಿಮಾತಿನಲ್ಲಿ ಬಿಡದೆ ಕರಾರಿನಲ್ಲೇ ಬರೆಸಿಕೊಳ್ಳಿ.